ಅಪ್ಪನ ಫುಟ್ ವಾಲ್ವ್

ನಮ್ಮ ತೋಟದ ಬಾವಿಯ ಫುಟ್ ವಾಲ್ವ್ ಲೀಕ್ ಆದಾಗಲೆಲ್ಲ ಕೊಡದಲ್ಲಿ ನೀರು ತಂದು ಪೈಪಿಗೆ ಸುರಿಯೋದು ನನ್ನ ಕೆಲಸ. "ಮೋಟಾರ್ ಎಷ್ಟು ಜೋರಾಗಿದ್ರೆ ಏನ್ಲಾ, ನೀರು ವಾಪಸ್ ಹೋಗ್ತಿದ್ರೆ?" ಅನ್ನೋರು ಅಪ್ಪ. ಕಳೆದ ವರ್ಷ ಅದೇ ಅಪ್ಪನ ಎಕೋ ರಿಪೋರ್ಟ್ ಬಂತು: ಹೃದಯದ ಮೈಟ್ರಲ್ ವಾಲ್ವ್ ಲೀಕ್. ಆಪರೇಷನ್ ಬೇಡವೇ ಬೇಡ ಅಂತ ಊರಿಗೆ ಹೊರಟುಬಿಟ್ರು. ಅವರನ್ನ ಒಪ್ಪಿಸೋಕೆ ಅಂತ ಓದತೊಡಗಿದವನು 17ನೇ ಶತಮಾನಕ್ಕೆ ಹೋಗಿ ನಿಂತೆ.

ಆಗ ಯುರೋಪಿನಲ್ಲಿ ನಡೆಯುತ್ತಿದ್ದದ್ದು 2ನೇ ಶತಮಾನದ ವೈದ್ಯ ಗೇಲೆನ್‌ನ ಮಾತು. ತಿಂದದ್ದು ಯಕೃತ್ತಿನಲ್ಲಿ ರಕ್ತವಾಗುತ್ತೆ, ಮೈಗೆಲ್ಲ ಹರಿದು ಅಲ್ಲೇ ಖರ್ಚಾಗುತ್ತೆ. ಗದ್ದೆಗೆ ಹಾಯಿಸಿದ ನೀರು ಅಲ್ಲೇ ಇಂಗಿದ ಹಾಗೆ. ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ಫ್ಯಾಬ್ರಿಸಿಯಸ್ ಅಭಿಧಮನಿಗಳ ಒಳಗೆ ಪುಟ್ಟ ಕವಾಟಗಳಿರುವುದನ್ನು 1603ರಲ್ಲಿ ಬರೆದ. ಆದರೆ ಕೈಕಾಲಿಗೆ ರಕ್ತ ಒಮ್ಮೆಲೇ ನುಗ್ಗದಿರಲಿ ಅಂತ ಅವು ಇವೆ ಅಂದುಕೊಂಡ. ಕಣ್ಣೆದುರಿಗೇ ಇತ್ತು, ಹಳೇ ನಂಬಿಕೆ ಅಡ್ಡ ಬಂತು.

ಅವನ ಶಿಷ್ಯ, ಇಂಗ್ಲೆಂಡಿನ ವಿಲಿಯಂ ಹಾರ್ವೆ, ತೋಳಿಗೆ ಪಟ್ಟಿ ಕಟ್ಟಿ ನೋಡಿದ. ಉಬ್ಬಿದ ನಾಳದ ರಕ್ತವನ್ನು ಬೆರಳಿನಿಂದ ಅಂಗೈ ಕಡೆಗೆ ಒತ್ತಿದರೆ ಕವಾಟ ದಾಟಲಿಲ್ಲ. ಹೃದಯದ ಕಡೆಗೆ ಒತ್ತಿದರೆ ಸಲೀಸಾಗಿ ಹೋಯಿತು. ಒನ್‌ವೇ! ಆಮೇಲೆ ಲೆಕ್ಕಕ್ಕೆ ಕೂತ. ಒಂದು ಬಡಿತಕ್ಕೆ ತೀರಾ ಕಮ್ಮಿ ಅಂದಾಜು ಹಿಡಿದರೂ, ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ಮೈಯಲ್ಲಿರುವುದಕ್ಕಿಂತ ಜಾಸ್ತಿ. ಅಷ್ಟು ರಕ್ತ ಆಗೋ ಹಾಗೆ ಉಣ್ಣೋಕೆ ಯಾರಿಂದ ಸಾಧ್ಯ? ಅಂದರೆ ಅದೇ ರಕ್ತ ಸುತ್ತುತ್ತಿರಲೇಬೇಕು. 1628ರಲ್ಲಿ ಪುಸ್ತಕ ಬಂತು. ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಜಾಗ ಮಾತ್ರ ಅವನಿಗೆ ಕಾಣಲಿಲ್ಲ. 1661ರಲ್ಲಿ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಆ ಸೂಕ್ಷ್ಮ ನಾಳಗಳನ್ನು ಕಂಡಾಗ, ಹಾರ್ವೆ ತೀರಿಕೊಂಡು 4 ವರ್ಷವಾಗಿತ್ತು.

ಮುಂದಿನ ಶನಿವಾರ ಊರಿಗೆ ಹೋಗಿ, ಜಗಲಿ ಮೇಲೆ ಕೂತು ಅಪ್ಪನಿಗೆ ಹೇಳಿದೆ. ಹೃದಯದಲ್ಲಿ ನಾಲ್ಕು ಕವಾಟ. ಯಾವುದಕ್ಕೂ ಬೇರೆ ಮೋಟಾರ್ ಇಲ್ಲ. ರಕ್ತದ ಒತ್ತಡಕ್ಕೇ ತೆರೆಯುತ್ತವೆ, ಮುಚ್ಚುತ್ತವೆ. ಲಬ್-ಡಬ್ ಅನ್ನೋದು ಅವು ಮುಚ್ಚಿಕೊಳ್ಳುವಾಗಿನ ಸದ್ದು. ಮೈಟ್ರಲ್ ಕವಾಟದ ಎಸಳುಗಳು ಹಿಂದಕ್ಕೆ ಮಗುಚದಂತೆ ದಾರದಂಥ ಎಳೆಗಳು ಹಿಡಿದಿರುತ್ತವೆ. "ನಿಮ್ಮದರಲ್ಲಿ ಒಂದು ಎಳೆ ಕಿತ್ತಿದೆ. ರಕ್ತ ವಾಪಸ್ ಹೋಗ್ತಿದೆ, ಮೋಟಾರ್ ಸುಮ್ಮನೆ ದಣೀತಿದೆ."

ಅಪ್ಪ ತುಂಬಾ ಹೊತ್ತು ಬಾವಿ ಕಡೆಗೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ರಿಪೇರಿಗೆ ಎಷ್ಟು ದಿನ ಬೇಕಂತೆ?"