30 ವ್ಯಾಟಿನಿಂದ 50 ವ್ಯಾಟಿನವರೆಗೆ: ಕರ್ನಾಟಕದ ಸಣ್ಣ ಬಾನುಲಿಗಳು ನಡೆದು ಬಂದ ದಾರಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ಅವರ ಟ್ರಾನ್ಸ್‌ಮೀಟರಿನ ಶಕ್ತಿ 30 ವ್ಯಾಟ್. ಇಂದು ಒಂದು ಕೋಣೆಯ ದೀಪಗಳಿಗೆ ಸಾಕಾಗುವಷ್ಟು ವಿದ್ಯುತ್ತು ಅದು. ಆ ಪುಟ್ಟ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೊ ಅದೇ ಹೆಸರನ್ನು ತೊಟ್ಟುಕೊಂಡಿತು. 2023ರಲ್ಲಿ 'ಆಲ್ ಇಂಡಿಯಾ ರೇಡಿಯೊ' ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು ಎಲ್ಲೆಡೆ 'ಆಕಾಶವಾಣಿ' ಎಂದೇ ಬಳಸಬೇಕೆಂದು ಪ್ರಸಾರ ಭಾರತಿ ತೀರ್ಮಾನಿಸಿತು.

ಹೆಸರು ಮೈಸೂರಿನಿಂದ ದೆಹಲಿಗೆ ಹೋಯಿತು. ಆದರೆ ಊರಿನವರೇ ಸೇರಿ ಊರಿಗಾಗಿ ರೇಡಿಯೊ ನಡೆಸುವ ಪದ್ಧತಿ ಹೆಸರಿನ ಜೊತೆ ಹೋಗಲಿಲ್ಲ, ಮೈಸೂರಿನಲ್ಲೂ ಉಳಿಯಲಿಲ್ಲ. ಅದು ಮರಳಿ ಬರಲು ಏಳು ದಶಕ ಬೇಕಾಯಿತು. ನಮ್ಮ ಸಣ್ಣ ಬಾನುಲಿಗಳ ಚರಿತ್ರೆಯನ್ನು ಒಡೆತನ, ಸಿಗ್ನಲ್ಲು, ಕಾರ್ಯಕ್ರಮ ಎಂಬ ಮೂರು ಎಳೆಗಳಲ್ಲಿ ಹಿಡಿದು ನೋಡಿದರೆ, ಒಡೆತನದ ಎಳೆ ಅಲುಗಿದಾಗಲೆಲ್ಲ ಉಳಿದೆರಡೂ ಅಲುಗಿರುವುದು ಕಾಣುತ್ತದೆ.

ಮನೆಯಿಂದ ಸರ್ಕಾರಕ್ಕೆ

ಗೋಪಾಲಸ್ವಾಮಿಯವರ ನಿಲಯಕ್ಕೆ ಮೈಸೂರು ನಗರಸಭೆಯೂ ಸಾರ್ವಜನಿಕರೂ ನೆರವಾದರು. ಟ್ರಾನ್ಸ್‌ಮೀಟರಿನ ಶಕ್ತಿ 250 ವ್ಯಾಟಿಗೆ ಏರಿತು. 1942ರಲ್ಲಿ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. 1950ರಲ್ಲಿ ಕೇಂದ್ರ ಸರ್ಕಾರದ ಕೈ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಆರಂಭವಾದಾಗ ಮೈಸೂರಿನ ಕೇಂದ್ರ ಅಲ್ಲಿಗೆ ಸ್ಥಳಾಂತರಗೊಂಡಿತು. ಆಕಾಶವಾಣಿಯ ತವರಿಗೆ ಮತ್ತೆ ತನ್ನದೇ ನಿಲಯ ದಕ್ಕಿದ್ದು 1974ರಲ್ಲಿ. ಹೀಗೆ ಹದಿನೈದೇ ವರ್ಷದಲ್ಲಿ ಮನೆ, ಸಂಸ್ಥಾನ, ಒಕ್ಕೂಟ ಎಂದು ಒಡೆತನ ಕೈಯಿಂದ ಕೈಗೆ ದಾಟಿತು. ದಾಟಿದಂತೆಲ್ಲ ತೀರ್ಮಾನ ಆಗುವ ಜಾಗ ಕೇಳುಗರಿಂದ ದೂರ ಸರಿಯಿತು.

ಈ ದೂರಕ್ಕೆ ಪ್ರತಿಯಾಗಿ ಸಿಕ್ಕಿದ್ದೂ ಸಣ್ಣದಲ್ಲ. ಧಾರವಾಡ (1950), ಭದ್ರಾವತಿ (1965), ಕಲಬುರಗಿ (1966), ಮಂಗಳೂರು (1976) ನಿಲಯಗಳು ಒಂದೊಂದಾಗಿ ಬಂದವು. ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿ, ಧಾರವಾಡ 765ರಲ್ಲಿ, ತಲಾ 200 ಕಿಲೋವ್ಯಾಟ್ ಶಕ್ತಿಯ ಮೀಡಿಯಂ ವೇವ್ ಟ್ರಾನ್ಸ್‌ಮೀಟರುಗಳ ಮೂಲಕ ಅರ್ಧ ರಾಜ್ಯವನ್ನೇ ತಲುಪಿದವು. ಮೀಡಿಯಂ ವೇವ್ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ಗುಡ್ಡ ಎದುರಾದರೂ ಬಳಸಿಕೊಂಡು ಮುಂದೆ ಹೋಗುತ್ತದೆ. ಆದ್ದರಿಂದಲೇ 20 ಕಿಲೋವ್ಯಾಟಿನ ಭದ್ರಾವತಿ ನಿಲಯ 675 ಕಿಲೋಹರ್ಟ್ಸ್‌ನಲ್ಲಿ ಮಲೆನಾಡಿನ ಅಡಿಕೆ ತೋಟಗಳ ನಡುವಿನ ಒಂಟಿ ಮನೆಗಳಿಗೂ ಕೇಳಿಸುತ್ತಿತ್ತು.

ದೂರದ ಸಂಸ್ಥೆಯ ಒಳಗೂ ಹತ್ತಿರದ ದನಿ ಮೂಡಿಸಿದವರು ಇದ್ದರು. ಬೆಂಗಳೂರು ನಿಲಯದ ಎ.ಎಸ್. ಮೂರ್ತಿಯವರು 'ಈರಣ್ಣ' ಎಂಬ ಪಾತ್ರವಾಗಿ ಹಳ್ಳಿಯ ಮಾತಿನಲ್ಲಿ ಮಾತಾಡಿ, ಕೊನೆಗೆ 'ಆಕಾಶವಾಣಿ ಈರಣ್ಣ' ಎಂದೇ ಹೆಸರಾದರು. ಕೃಷಿರಂಗ, ಯುವವಾಣಿ, ಚಿಂತನ, ಪ್ರದೇಶ ಸಮಾಚಾರ ಎಂದು ದಿನದ ಹೊತ್ತುಗಳಿಗೇ ಕಾರ್ಯಕ್ರಮದ ಹೆಸರು ಅಂಟಿಕೊಂಡವು. ಪ್ರತಿಭಾವಂತರು ಇದ್ದಷ್ಟು ದಿನ ಊರಿನ ದನಿ ಉಳಿಯಿತು. ಆದರೆ ಅದು ಅವರ ಕೊಡುಗೆಯಾಗಿತ್ತೇ ಹೊರತು ಕೇಳುಗರ ಹಕ್ಕಾಗಿರಲಿಲ್ಲ.

ಜಿಲ್ಲೆಗೊಂದು ನಿಲಯ

1984ರಲ್ಲಿ ತಮಿಳುನಾಡಿನ ನಾಗರಕೋಯಿಲಿನಲ್ಲಿ ದೇಶದ ಮೊದಲ ಸ್ಥಳೀಯ ಆಕಾಶವಾಣಿ ಕೇಂದ್ರ ಆರಂಭವಾಯಿತು. ಒಂದು ಜಿಲ್ಲೆಗೆ ಒಂದು ನಿಲಯ, ಅದರಲ್ಲಿ ಆ ಜಿಲ್ಲೆಯದೇ ಮಾತು ಎಂಬುದು ಅದರ ಆಶಯ. ಮುಂದೆ ನಮ್ಮಲ್ಲೂ ಹಾಸನ, ಚಿತ್ರದುರ್ಗ, ಮಡಿಕೇರಿ, ಹೊಸಪೇಟೆ, ರಾಯಚೂರು, ಕಾರವಾರ, ವಿಜಯಪುರಗಳಲ್ಲಿ ಇಂಥ ಕೇಂದ್ರಗಳು ಬಂದವು. ಇವು ಎಫ್‌ಎಂ ಕೇಂದ್ರಗಳು.

ಎಫ್‌ಎಂ ದನಿ ಸ್ವಚ್ಛ. ಆದರೆ ಅದರ ಅಲೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತದೆ. ಅಡ್ಡ ಗುಡ್ಡ ಬಂದರೆ ಅದರಾಚೆಗೆ ನೆರಳು. ಬಯಲುಸೀಮೆಗೆ ಒಗ್ಗುವ ಈ ತಂತ್ರಜ್ಞಾನ ಮಲೆನಾಡಿಗೆ ಅಷ್ಟಾಗಿ ಒಗ್ಗದು. ಎತ್ತರದ ಮೇಲೆ ಕೂತ ಮಡಿಕೇರಿಗೆ ಮಾತ್ರ ಗುಡ್ಡವೇ ಗೋಪುರವಾಯಿತು. ವ್ಯಾಪ್ತಿ ಕಿರಿದಾದಾಗ ಭಾಷೆಗೆ ಜಾಗ ಸಿಗುವುದನ್ನೂ ಮಡಿಕೇರಿ ತೋರಿಸಿತು. ಇಡೀ ರಾಜ್ಯಕ್ಕೆ ಕೇಳಿಸುವ ನಿಲಯದಲ್ಲಿ ಕೊಡವ ತಕ್ಕ್, ಅರೆಭಾಷೆಗಳಿಗೆ ಹೆಚ್ಚು ಹೊತ್ತು ಕೊಡುವುದು ಕಷ್ಟ. ಜಿಲ್ಲೆಯ ನಿಲಯದಲ್ಲಿ ಅವೇ ಮನೆಮಾತು.

ಈ ಕೇಂದ್ರಗಳ ಒಡೆತನ ಮಾತ್ರ ಬದಲಾಗಲಿಲ್ಲ. 1997ರಲ್ಲಿ ಪ್ರಸಾರ ಭಾರತಿ ಸ್ವಾಯತ್ತ ನಿಗಮವಾಗಿ ಬಂದರೂ ಹಣದ ಗಂಟು ದೆಹಲಿಯಲ್ಲೇ ಉಳಿಯಿತು. ನಿವೃತ್ತರಾದವರ ಕುರ್ಚಿ ತುಂಬದಿದ್ದರೆ ಸ್ಥಳೀಯ ಕಾರ್ಯಕ್ರಮದ ಹೊತ್ತು ಕರಗುತ್ತದೆ, ದೊಡ್ಡ ನಿಲಯದ ರಿಲೇ ಆ ಜಾಗವನ್ನು ತುಂಬುತ್ತದೆ. 2023ರ ಏಪ್ರಿಲ್ 28ರಂದು ದೇಶದ 84 ಜಿಲ್ಲೆಗಳಲ್ಲಿ 91 ಹೊಸ ಎಫ್‌ಎಂ ಟ್ರಾನ್ಸ್‌ಮೀಟರುಗಳು ಒಟ್ಟಿಗೆ ಉದ್ಘಾಟನೆಯಾದವು. ಒಂದೊಂದರ ಶಕ್ತಿ 100 ವ್ಯಾಟ್. ಸಿಗ್ನಲ್ಲು ಊರಿಗೆ ಬಂದಿದ್ದು ಸಂತೋಷವೇ. ಆದರೆ ಟ್ರಾನ್ಸ್‌ಮೀಟರಿನ ಪಕ್ಕದಲ್ಲಿ ಸ್ಟುಡಿಯೊ ಇಲ್ಲದಿದ್ದರೆ ಊರು ಕೇಳಿಸಿಕೊಳ್ಳಬಹುದೇ ಹೊರತು ಮಾತಾಡಲಾರದು.

ಹರಾಜಿಗೆ ಬಂದ ಅಲೆಗಳು

ಕ್ರಿಕೆಟ್ ಪ್ರಸಾರದ ಹಕ್ಕಿನ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ, ಗಾಳಿಯಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ಸರ್ಕಾರದ ಏಕಸ್ವಾಮ್ಯ ಸಡಿಲಿದಾಗ ಮೊದಲು ಒಳಬಂದವು ಕಂಪನಿಗಳು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಅದು.

ಮೊದಲ ಹಂತದ ಪರವಾನಗಿ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು. ಜಾಹೀರಾತಿನ ಆದಾಯ ಆ ವೇಗದಲ್ಲಿ ಏರಲಿಲ್ಲ. 108 ಪರವಾನಗಿಗಳನ್ನು ಹರಾಜಿಗಿಟ್ಟರೂ ಕೊನೆಗೆ ಉಳಿದ ನಿಲಯಗಳು ಇಪ್ಪತ್ತರ ಆಸುಪಾಸಿನಲ್ಲಿದ್ದವು. 2005ರ ಎರಡನೇ ಹಂತದ ನೀತಿ ಒಮ್ಮೆ ಕಟ್ಟುವ ಪ್ರವೇಶ ಶುಲ್ಕ, ಅದರ ಮೇಲೆ ಆದಾಯದಲ್ಲಿ ಶೇ. 4ರ ಪಾಲು ಎಂದು ಬದಲಾಯಿತು. ಆಗಲೇ ಮೈಸೂರು, ಮಂಗಳೂರು, ಕಲಬುರಗಿಗಳಿಗೂ ಖಾಸಗಿ ಎಫ್‌ಎಂ ತಲುಪಿದ್ದು.

ಕಾರ್ಯಕ್ರಮದ ಸ್ವರೂಪ ಬದಲಾದದ್ದೂ ಇಲ್ಲೇ. ಬೆಂಗಳೂರಿನ ಎಫ್‌ಎಂ ಮೊದಮೊದಲು ಹಿಂದಿ, ಇಂಗ್ಲಿಷ್, ಕನ್ನಡ ಬೆರೆಸಿದ ಹಾಡುಗಳಿಂದ ತುಂಬಿತ್ತು. ನಿಲಯಗಳ ಸಂಖ್ಯೆ ಹೆಚ್ಚಿ ಪೈಪೋಟಿ ಹುಟ್ಟಿದಾಗ ಕನ್ನಡ ಸಿನಿಮಾ ಹಾಡೇ ಮಾರುಕಟ್ಟೆ ಎಂಬುದು ಕಂಪನಿಗಳಿಗೂ ಗೊತ್ತಾಯಿತು. ಆದರೆ ಈ ಕನ್ನಡ ವ್ಯಾಪಾರದ ಲೆಕ್ಕಕ್ಕೆ ಕಟ್ಟುಬಿದ್ದದ್ದು. ಲೆಕ್ಕ ತಿರುಗಿದರೆ ಹಾಡಿನ ಭಾಷೆಯೂ ತಿರುಗಬಹುದು. ಸಣ್ಣ ಊರುಗಳ ನಿಲಯಗಳು ತಮ್ಮ ಜಾಲದ ಬೇರೆ ಊರಿನ ಕಾರ್ಯಕ್ರಮವನ್ನೇ ಹಾಕಲು ನಿಯಮವೇ ಅವಕಾಶ ಕೊಟ್ಟಿತು. ಮೂರನೇ ಹಂತದಲ್ಲಿ ಆ ಅವಕಾಶ ಇನ್ನಷ್ಟು ಅಗಲವಾಯಿತು.

ಕಂಪನಿಗಳ ಒಡೆತನವೂ ನಿಂತ ನೀರಲ್ಲ. ರೇಡಿಯೊ ಸಿಟಿ ಜಾಗರಣ್ ಪತ್ರಿಕಾ ಸಮೂಹಕ್ಕೆ ಸೇರಿತು. 93.5ರ ಎಸ್ ಎಫ್‌ಎಂ ರೆಡ್ ಎಫ್‌ಎಂ ಆಯಿತು. ಬಿಗ್ ಎಫ್‌ಎಂ ನಡೆಸುತ್ತಿದ್ದ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ ಸಫೈರ್ ಮೀಡಿಯಾದ ಪಾಲಾಯಿತು. ಈ ಯಾವ ಕೊಡುಕೊಳ್ಳುವಿಕೆಯಲ್ಲೂ ಕೇಳುಗರ ಮಾತು ಕೇಳುವ ಏರ್ಪಾಡಿಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ಸಣ್ಣ ಊರುಗಳ ಗಾಳಿಗೂ ಈಗ ಬೆಲೆ ಕಟ್ಟಲಾಗುತ್ತಿದೆ.

ಊರಿಗೆ ಮರಳಿದ ಮೈಕು

ಕಂಪನಿಗೂ ಸರ್ಕಾರಕ್ಕೂ ಸೇರದ ಮೂರನೆಯ ದಾರಿಯೊಂದು ಬೇಕೆಂಬ ಕೂಗು ಎದ್ದ ಊರುಗಳಲ್ಲಿ ನಮ್ಮ ಬೆಂಗಳೂರು ಮುಖ್ಯವಾದುದು. 1996ರಲ್ಲಿ 'ವಾಯ್ಸಸ್' ಸಂಸ್ಥೆ ಕರೆದ ಸಭೆಯಲ್ಲಿ ಸಮುದಾಯ ಬಾನುಲಿಗಾಗಿ ಬೆಂಗಳೂರು ಘೋಷಣೆ ಹೊರಬಂತು. ಮುಂದೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 'ನಮ್ಮ ಧ್ವನಿ' ಕಟ್ಟಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಹಳ್ಳಿಗೆ ಅನುಮತಿ ಇರಲಿಲ್ಲ. ಆಗ ಅವರು ಟಿ.ವಿ. ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ಕಾನೂನು ಗಾಳಿಯನ್ನು ಮುಚ್ಚಿದ್ದಾಗ ಹಳ್ಳಿಯ ಹೆಣ್ಣುಮಕ್ಕಳ ಮಾತು ತಂತಿಯ ಮೇಲೆ ನಡೆಯಿತು. ನಮ್ಮ ಬಾನುಲಿ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಪಡುವ ಪುಟ ನನಗೆ ಕಾಣದು.

2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2008ರಲ್ಲಿ ಈಗಿನ ತೆಲಂಗಾಣದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ ಸಂಘಂ ರೇಡಿಯೊ ಶುರುವಾಯಿತು. ಕರ್ನಾಟಕದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಸಮುದಾಯ ಬಾನುಲಿ, ಬೆಂಗಳೂರಿನ ರೇಡಿಯೊ ಆಕ್ಟಿವ್, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಸಾರಂಗ್, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ನಡೆಸುವ ಜನಧ್ವನಿ ಮುಂತಾದವು ಬಂದವು. ಸಾರಂಗ್‌ನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಕೇಳಿಸುತ್ತವೆ. ಕರಾವಳಿಯ ಸಂತೆಯಲ್ಲಿ ನಿಂತರೆ ಕಿವಿಗೆ ಬೀಳುವ ಮಾತುಗಳೂ ಇವೇ ಅಲ್ಲವೇ?

ಇಲ್ಲಿ ಟ್ರಾನ್ಸ್‌ಮೀಟರಿನ ಶಕ್ತಿ 50 ವ್ಯಾಟ್, ಆಂಟೆನಾ ಹೆಚ್ಚೆಂದರೆ 30 ಮೀಟರ್ ಎತ್ತರ, ವ್ಯಾಪ್ತಿ ಹತ್ತು ಹದಿನೈದು ಕಿಲೋಮೀಟರ್. 90.4, 90.8, 107.8 ಎಂಬ ಕಂಪನಾಂಕಗಳೇ ಊರೂರಲ್ಲಿ ಮರುಕಳಿಸುತ್ತವೆ. ಕಿರಿದಾದ ವ್ಯಾಪ್ತಿಯಿಂದಾಗಿ ಒಂದೇ ಕಂಪನಾಂಕ ಹಲವು ಊರಿಗೆ ಸಾಲುತ್ತದೆ. ಕಾರ್ಯಕ್ರಮದಲ್ಲಿ ಅರ್ಧವಾದರೂ ಸ್ಥಳೀಯವಾಗಿ ತಯಾರಾಗಬೇಕು ಎಂಬ ನಿಯಮವಿದೆ. ಆಕಾಶವಾಣಿಯಲ್ಲಿ ಒಬ್ಬ ಈರಣ್ಣನ ಪ್ರತಿಭೆ ಕೊಟ್ಟದ್ದನ್ನು ಇಲ್ಲಿ ನಿಯಮವೇ ಕೇಳುತ್ತದೆ.

ಇನ್ನೂ ಬಾಕಿ ಇರುವುದು

ಹಕ್ಕು ಬಂತು, ಅನ್ನ ಬರಲಿಲ್ಲ. ಗಂಟೆಗೆ ಇಷ್ಟೇ ನಿಮಿಷ ಎಂದು ಜಾಹೀರಾತಿಗೆ ಮಿತಿಯಿದೆ. ಮೊದಲು ಐದಿದ್ದದ್ದು ಏಳಾಗಿ, 2024ರಲ್ಲಿ ಹನ್ನೆರಡಾಯಿತು. ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿದೆ. ಪುಟ್ಟ ಪೇಟೆಯ ಅಂಗಡಿಕಾರರನ್ನು ನಂಬಿ ಒಂದು ನಿಲಯದ ಸಂಬಳ, ಕರೆಂಟು ಬಿಲ್ಲು, ರಿಪೇರಿ ಎಲ್ಲವನ್ನೂ ತೂಗಿಸುವುದು ಸುಲಭವಲ್ಲ. ದಾನಿ ಸಂಸ್ಥೆಯ ಯೋಜನೆ ಮುಗಿದ ದಿನ ಅನೇಕ ನಿಲಯಗಳಿಗೆ ಪರೀಕ್ಷೆಯ ದಿನವೂ ಹೌದು.

ಇನ್ನೊಂದು ಬಾಕಿ ಸುದ್ದಿ. ಖಾಸಗಿ ಎಫ್‌ಎಂ ಆಗಲಿ, ಸಮುದಾಯ ಬಾನುಲಿಯಾಗಲಿ ತಾನೇ ಸಿದ್ಧಪಡಿಸಿದ ಸುದ್ದಿಯನ್ನು ಓದುವಂತಿಲ್ಲ. ಪತ್ರಿಕೆ ಬರೆಯಬಹುದು, ಟಿ.ವಿ. ತೋರಿಸಬಹುದು, ಕೈಯಲ್ಲಿರುವ ಫೋನು ದಿನವಿಡೀ ಹರಡಬಹುದು. ಹದಿನೈದು ಕಿಲೋಮೀಟರ್ ಕೇಳಿಸುವ ಬಾನುಲಿ ಮಾತ್ರ ತನ್ನ ಗ್ರಾಮ ಪಂಚಾಯಿತಿಯ ಸುದ್ದಿ ಹೇಳುವಂತಿಲ್ಲ. ಈ ನಿರ್ಬಂಧ ತೆಗೆಯಬೇಕು. ಜೊತೆಗೆ, ಹರಾಜಿನಿಂದ ಬರುವ ಹಣದಲ್ಲಿ ಒಂದು ಪಾಲು ಸಮುದಾಯ ಬಾನುಲಿಗಳಿಗೆ ಸಲ್ಲಬೇಕು. ಅಲೆ ಸಾರ್ವಜನಿಕರ ಸ್ವತ್ತು ಎಂದಾದಮೇಲೆ ಅದರ ಬಾಡಿಗೆಯಲ್ಲಿ ಸಾರ್ವಜನಿಕರಿಗೂ ಪಾಲಿರುವುದೇ ನ್ಯಾಯ.

1935ರಲ್ಲಿ ಒಬ್ಬ ಮೇಷ್ಟ್ರು ತಮ್ಮ ಮನೆಯಿಂದ 30 ವ್ಯಾಟಿನಲ್ಲಿ ಮಾಡಿದ್ದನ್ನು 50 ವ್ಯಾಟಿನಲ್ಲಿ ಮಾಡಲು ಹಳ್ಳಿಯ ಸಂಘಗಳಿಗೆ ಅನುಮತಿ ಸಿಕ್ಕಿದ್ದು 2006ರಲ್ಲಿ, 71 ವರ್ಷ ತಡವಾಗಿ. ಆ 71 ವರ್ಷದಲ್ಲಿ ಟ್ರಾನ್ಸ್‌ಮೀಟರುಗಳು ಎಷ್ಟೋ ಪಟ್ಟು ದೊಡ್ಡದಾದವು, ಗೋಪುರಗಳು ಎತ್ತರವಾದವು. ಬೂದಿಕೋಟೆಯವರು ಮಾತ್ರ ಒಂದು ತಂತಿಯಲ್ಲಿ ತಮ್ಮ ಊರಿಗೆ ತಮ್ಮ ದನಿ ಕೇಳಿಸಿಕೊಂಡರು.