ನೂರು ಮೀಟರಿನೊಳಗಿನ ಮನೆ

ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೇಳುವ ರೂಢಿ. ಚಿಕ್ಕಂದಿನಲ್ಲಿ ಸೂಟಿಗೆ ಸೋದರಮಾವನ ಮನೆಗೆ ಹೋದಾಗಲೆಲ್ಲ ನಾವು ಹುಡುಗರು ಎಣಿಸಲು ಹೊರಡುತ್ತಿದ್ದೆವು. ಹತ್ತೋ ಹನ್ನೆರಡೋ ಆಗುವಷ್ಟರಲ್ಲಿ ಹಸಿವಾಗಿ ಮರಳುತ್ತಿದ್ದೆವು. ಎಣಿಕೆ ತಪ್ಪಲು ಇನ್ನೊಂದು ಕಾರಣವೂ ಇತ್ತು. ಆ ಊರಿನಲ್ಲಿ ಗುಡಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಒಬ್ಬರ ಕೊಟ್ಟಿಗೆಯಲ್ಲಿ ಎತ್ತು ಕಟ್ಟುವ ಕಂಬಕ್ಕೆ ನುಣ್ಣನೆಯ ಬಳೆಗಳನ್ನು ಕಡೆದಿರುತ್ತಿತ್ತು. ಇನ್ನೊಬ್ಬರ ಹೊಸ್ತಿಲಲ್ಲಿ ಹೂಬಳ್ಳಿ. ಮಾವನ ಹಿತ್ತಲಿನಲ್ಲಿ ನೀರಿನ ಹರವಿ ಇಡುತ್ತಿದ್ದುದು ಒಂದು ಉದ್ದನೆಯ ಕಲ್ಲಿನ ಮೇಲೆ. ಅದರ ಒಂದು ಮಗ್ಗುಲಿಗೆ ಹಂಸಗಳ ಸಾಲು. ಐದು ಹಂಸ, ಐದನೆಯದಕ್ಕೆ ಕುತ್ತಿಗೆ ಇರಲಿಲ್ಲ.

ಗದಗಿನಿಂದ ಹೊಸಪೇಟೆಯ ರಸ್ತೆ ಹಿಡಿದರೆ ಹತ್ತು ಹನ್ನೆರಡು ಕಿಲೋಮೀಟರಿಗೆ ಈ ಊರು ಸಿಗುತ್ತದೆ. ಶಾಸನಗಳಲ್ಲಿ ಇದು ಲೊಕ್ಕಿಗುಂಡಿ. ಟಂಕಸಾಲೆ ಇದ್ದ ಊರು. ಹೊಯ್ಸಳರ ಇಮ್ಮಡಿ ಬಲ್ಲಾಳ 1192ರ ಸುಮಾರಿಗೆ ಇಲ್ಲಿ ನೆಲೆವೀಡು ಮಾಡಿಕೊಂಡಿದ್ದ. ಆಮೇಲೆ ರಾಜರೂ ಹೋದರು, ಹಣವೂ ಹೋಯಿತು, ಊರು ಹಳ್ಳಿಯಾಯಿತು. ಹಳ್ಳಿಯಾದದ್ದರಿಂದಲೇ ಗುಡಿಗಳು ಉಳಿದವೆಂದು ನನಗೆ ಅನಿಸುತ್ತದೆ. ಹಳೆಯದನ್ನು ಕೆಡವಿ ಹೊಸದು ಕಟ್ಟಲಿಕ್ಕೂ ದುಡ್ಡು ಬೇಕಲ್ಲ!

ಇಲ್ಲಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಆಗ ಆಳುತ್ತಿದ್ದವನು ಚಾಳುಕ್ಯರ ಇರಿವಬೆಡಂಗ ಸತ್ಯಾಶ್ರಯ. ರನ್ನನಿಂದ ಅಜಿತಪುರಾಣ ಬರೆಯಿಸಿದ ಈ ತಾಯಿ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಅಳಿದುಹೋಗಬಹುದಾದದ್ದನ್ನು ಉಳಿಸಲು ಅವಳು ಕಂಡ ಉಪಾಯ ಅದು: ಒಂದಕ್ಕೆ ಸಾವಿರ ಮಾಡುವುದು. ಹುಳ ತಿಂದರೆ ಎಷ್ಟು ತಿಂದೀತು? ಆದರೆ ಅವಳದೇ ಬಸದಿಗೆ ಈ ಉಪಾಯ ನಡೆಯುವುದಿಲ್ಲ. ಕಟ್ಟಡದ್ದು ಒಂದೇ ಪ್ರತಿ. ಅದನ್ನು ಉಳಿಸಬೇಕಾದರೆ ಬೇಲಿ ಬೇಕು, ಕಾವಲುಗಾರ ಬೇಕು, ಕಾನೂನು ಬೇಕು.

ಕಾನೂನು ಬಂದದ್ದು ಹಂತ ಹಂತವಾಗಿ. 1904ರಲ್ಲಿ ಕರ್ಜನ್ನನ ಕಾಲದ ಕಾಯದೆ, ಸ್ವಾತಂತ್ರ್ಯ ಬಂದ ಮೇಲೆ 1958ರದು. ಅಲ್ಲಿಯವರೆಗೆ ರಕ್ಷಣೆಯೆಂದರೆ ಮುಖ್ಯವಾಗಿ ಗುಡಿಯ ರಕ್ಷಣೆಯೇ. 1992ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಗುಡಿಯ ಸುತ್ತಲಿನ ನೆಲಕ್ಕೂ ಗೆರೆ ಎಳೆಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ. 2010ರ ತಿದ್ದುಪಡಿ ಈ ಗೆರೆಯನ್ನು ಕಾಯದೆಯ ಒಳಕ್ಕೇ ತಂದಿತು. ನಿಷೇಧಿತ ವಲಯದಲ್ಲಿ ಅನುಮತಿ ಪಡೆದು ದುರಸ್ತಿ ಮಾಡಬಹುದು, ಹೊಸದು ಕಟ್ಟುವಂತಿಲ್ಲ. ಮರಡಿಯ ಮೇಲೆ ಒಂದೇ ಗುಡಿಯಿದ್ದರೆ ಇದು ಸರಳ. ಲಕ್ಕುಂಡಿಯಂಥ ಊರಿನಲ್ಲಿ ಕಾಶಿವಿಶ್ವೇಶ್ವರದಿಂದ ಒಂದು ವೃತ್ತ, ನನ್ನೇಶ್ವರದಿಂದ ಒಂದು, ಬಸದಿಯಿಂದ ಮತ್ತೊಂದು ಎಳೆಯುತ್ತ ಹೋದರೆ ಮನೆಗಳ ಗತಿಯೇನು?

ಮಾವನ ಮನೆ ಕಾಶಿವಿಶ್ವೇಶ್ವರ ಗುಡಿಯ ಹತ್ತಿರ. ಎದುರುಬದುರಾಗಿ ನಿಂತ ಎರಡು ಗುಡಿಗಳು, ದೊಡ್ಡದು ಶಿವನದು, ಚಿಕ್ಕದು ಸೂರ್ಯನದು. ಅಲ್ಲಿ 1087ರ ಶಾಸನವಿದೆ. ಅದರ ಬಾಗಿಲುವಾಡದ ಕೆತ್ತನೆಯನ್ನು ಎಷ್ಟು ಸಲ ನೋಡಿದರೂ ನನಗೆ ಇನ್ನೂ ಏನೋ ಬಿಟ್ಟಿತು ಅನಿಸುತ್ತದೆ. ಒಂದು ಮಳೆಗಾಲ ಮಾವನ ಹಿತ್ತಲಗೋಡೆ ಬಿತ್ತು. ಗೋಡೆ ಎತ್ತುವುದರ ಜೊತೆಗೆ ಮಗನ ಲಗ್ನಕ್ಕೆಂದು ಮೇಲೊಂದು ಖೋಲಿ ಹಾಕುವ ಆಸೆ ಅವರಿಗೆ. ಗೋಡೆ ದುರಸ್ತಿ, ಖೋಲಿ ಹೊಸದು. ಅರ್ಜಿ ಬರೆಯಲು ಕೂತ ನಾನೇ ಇದನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು.

"ಅಲ್ಲೋ ತಮ್ಮಾ, ಗುಡಿಗೆ ನಾವು ಬಾಜೂಮನಿಯವರು. ಬಾಜೂಮನಿಯವರನ್ನ ಯಾರರ ಹಿಂಗ ಅಳದು ದೂರ ಇಡ್ತಾರೇನು?" ಅಂದರು.

ನನ್ನ ಹತ್ತಿರ ಉತ್ತರವಿತ್ತು, ಆದರೆ ಅವರಿಗೆ ಹೇಳುವಂಥದಾಗಿರಲಿಲ್ಲ. ನಾನು ಹತ್ತು ವರ್ಷದವನಿದ್ದಾಗ ಅದೇ ಓಣಿಯಲ್ಲಿ ಒಂದು ಮನೆಯ ಬುನಾದಿ ತುಂಬುತ್ತಿದ್ದರು. ಹೊಲದಿಂದ ಬಂಡಿಯಲ್ಲಿ ತಂದ ಕಲ್ಲುಗಳಲ್ಲಿ ಕಡೆದವೂ ಇದ್ದವು. ಸುತ್ತಿಗೆಯಿಂದ ಒಡೆದು ಹಾಕುತ್ತಿದ್ದರು. ಕಲ್ಲು ಆರಿಸಿ ಕೊಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಯಾರಿಗೂ ಅದು ಪಾಪವೆನಿಸಿರಲಿಲ್ಲ, ನಮಗೆ ಸಂಜೆಗೆ ಮಂಡಕ್ಕಿ ಕೊಟ್ಟರು. ಆದ್ದರಿಂದ ಗೆರೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಗೆರೆಯ ಭಾರವನ್ನೆಲ್ಲ ಒಳಗಿರುವವರೇ ಹೊರಬೇಕು, ಹೊರಗಿನವರು ಬಂದು ಚಿತ್ರ ತೆಗೆದುಕೊಂಡು ಹೋಗಬೇಕು ಎಂಬುದೂ ನ್ಯಾಯವಲ್ಲ. ಗುಡಿಗಾಗಿ ಜಾಗ ಬಿಟ್ಟುಕೊಟ್ಟವನಿಗೆ ಊರಿನ ಇನ್ನೊಂದು ಕಡೆ ಜಾಗ ಕೊಡುವುದು ಗುಡಿಯ ರಕ್ಷಣೆಯ ಭಾಗವೇ ಆಗಬೇಕು.

ಗೋಡೆ ಎದ್ದಿತು. ಖೋಲಿ ಏಳಲಿಲ್ಲ. ಲಗ್ನವಾದ ಮೇಲೆ ಮಗ ಸೊಸೆ ಗದಗಿನಲ್ಲಿ ಬಾಡಿಗೆ ಮನೆ ಹಿಡಿದರು.

2024ರಲ್ಲಿ ಊರಿನಲ್ಲಿ ಬೇರೊಂದು ಕೆಲಸ ನಡೆಯಿತು. ಮನೆಮನೆಯ ಅಂಗಳದಲ್ಲಿ, ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಶಿಲ್ಪ, ಕಂಬ, ಶಾಸನಗಳನ್ನು ಒಂದೆಡೆ ಕೂಡಿಸುವ ಅಭಿಯಾನ. ಹಂಸದ ಕಲ್ಲನ್ನು ಕೊಡುವುದೋ ಬಿಡುವುದೋ ಎಂದು ಮನೆಯಲ್ಲಿ ಎರಡು ದಿನ ಮಾತು. ಮಾವ ತಟ್ಟನೆ ಒಪ್ಪಿದರು, ನನಗೆ ಆಶ್ಚರ್ಯವಾಯಿತು. ಒಪ್ಪದವರು ಅತ್ತೆ. ಲಗ್ನವಾಗಿ ಬಂದಂದಿನಿಂದ ಶುಕ್ರವಾರಕ್ಕೊಮ್ಮೆ ಆ ಕಲ್ಲನ್ನು ತೊಳೆದು, ನಾಲ್ಕು ಹಂಸಕ್ಕೂ ಕುಂಕುಮವಿಟ್ಟು, ಕುತ್ತಿಗೆಯಿಲ್ಲದ ಐದನೆಯದಕ್ಕೆ ಬೆನ್ನ ಮೇಲೆ ಅರಿಸಿನ ಹಚ್ಚಿದವರು ಅವರು.

"ಅಲ್ಲಿ ಯಾರು ತೊಳೀತಾರ?" ಎಂದು ಕೇಳಿದರು. ಮಳೆ ತೊಳೆಯುತ್ತದೆ ಅನ್ನಲು ಹೋಗಿ ನಾನು ಸುಮ್ಮನಾದೆ.

ಕಲ್ಲು ಎತ್ತಲು ನಾಲ್ಕು ಜನ ಬೇಕಾಯಿತು. ಎತ್ತಿದಾಗ ನೆಲಕ್ಕೆ ತಾಗಿದ್ದ ಮಗ್ಗುಲಿನಲ್ಲೂ ಕೆತ್ತನೆ ಕಂಡಿತು, ಅಲ್ಲಿ ಒಂದು ಬಳ್ಳಿ, ಮಣ್ಣಿನೊಳಗೆ ಇದ್ದದ್ದರಿಂದ ಒಂದೆಲೆಯೂ ಮುಕ್ಕಾಗಿರಲಿಲ್ಲ. ಅತ್ತೆ ಸೆರಗಿನಿಂದ ಅದರ ಮಣ್ಣು ಒರೆಸಿದರು. ಈಗ ಹರವಿಯ ಕೆಳಗೆ ಆರು ಇಟ್ಟಿಗೆ ಇಟ್ಟಿದ್ದಾರೆ. ಹರವಿ ಸ್ವಲ್ಪ ವಾಲುತ್ತದೆ.