ಚಾಕಣದ ಹಾದಿ: ಸೈಕಲ್ ಸವಾರರ ನೇಮ ಮತ್ತು ವಾರಿಯ ಪರಂಪರೆ

ಪುಣೆಯ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ನಾಸಿಕದ ಹೆದ್ದಾರಿಯ ಮೇಲಿರುವ ಚಾಕಣವು ದಖ್ಖನಿನ ಇತಿಹಾಸವನ್ನು ಓದಿದವರಿಗೆ ಅಪರಿಚಿತವಾದ ಊರೇನಲ್ಲ. 15ನೆಯ ಶತಮಾನದ ನಡುಭಾಗದಲ್ಲಿ, ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಅಲ್ಲಾವುದ್ದೀನನ ಸೇನಾನಿ ಮಲಿಕ್-ಉತ್-ತುಜ್ಜಾರನು ಕೊಂಕಣದ ದಂಡಯಾತ್ರೆಗೆ ಈ ಊರನ್ನೇ ನೆಲೆಯಾಗಿ ಮಾಡಿಕೊಂಡಿದ್ದನು. 1660ರಲ್ಲಿ ಮೊಗಲ ಸೇನಾಪತಿ ಶಾಯಿಸ್ತಾಖಾನನು ಇಲ್ಲಿಯ ಸಂಗ್ರಾಮದುರ್ಗವನ್ನು ಮುತ್ತಿದಾಗ ಫಿರಂಗೋಜಿ ನರಸಾಳನು ಸುಮಾರು ಎರಡು ತಿಂಗಳ ಕಾಲ ಕೋಟೆಯನ್ನು ಉಳಿಸಿಕೊಂಡ ಸಂಗತಿ ಪ್ರಸಿದ್ಧವಾಗಿದೆ. ಈ ಎರಡೂ ಘಟನೆಗಳ ಹಿಂದೆ ಇರುವ ಕಾರಣ ಒಂದೇ: ಚಾಕಣವು ಹಾದಿಯ ಮೇಲಿನ ಊರು. ಆ ಹಾದಿಯಲ್ಲಿ ಇಂದು ಬೆಳಗಿನ ಜಾವ ಕಾಣಸಿಗುವ ದೂರದಾರಿಯ ಸೈಕಲ್ ಸವಾರರನ್ನು ಕುರಿತು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಈ ಸವಾರರನ್ನು ಜನ 'ಹುಚ್ಚರು' ಎಂದು ಕರೆಯುವುದುಂಟು. ಪತ್ರಿಕೆಗಳು 'ಹವ್ಯಾಸಿಗಳು' ಎನ್ನುತ್ತವೆ. ಇವೆರಡೂ ಸಾಲದ ಮಾತುಗಳೆಂದು ನಮಗೆ ತೋರುತ್ತದೆ. ಅವರ ಆಚರಣೆಯನ್ನು ಹತ್ತಿರದಿಂದ ನೋಡಿದರೆ, ಮಧ್ಯಕಾಲೀನ ಭಕ್ತಿಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಬಹುಕಾಲದಿಂದ ಪರಿಚಿತವಾಗಿರುವ 'ನೇಮ' ಎಂಬ ಪದವೇ ನೆನಪಿಗೆ ಬರುತ್ತದೆ.

ಈ ನೇಮದ ಮೂಲ ಭಾರತದಲ್ಲಿಲ್ಲ. 1904ರಲ್ಲಿ ಸ್ಥಾಪಿತವಾದ ಓಡಾಕ್ಸ್ ಕ್ಲಬ್ ಪಾರಿಸಿಯನ್ ಎಂಬ ಫ್ರೆಂಚ್ ಸಂಸ್ಥೆಯು ರೂಪಿಸಿದ 'ಬ್ರೆವೆ' ಎಂಬ ಕ್ರಮವು ಇಂದು ಪುಣೆ, ಬೆಂಗಳೂರು ಮೊದಲಾದ ನಗರಗಳಲ್ಲಿ ಬೇರೂರಿದೆ. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಗಳಲ್ಲಿ, 300ನ್ನು 20 ಗಂಟೆಗಳಲ್ಲಿ, 600ನ್ನು 40 ಗಂಟೆಗಳಲ್ಲಿ ಮುಗಿಸಬೇಕು. ನಡುವೆ ಗೊತ್ತುಪಡಿಸಿದ ತಾಣಗಳಲ್ಲಿ ಕೈಯಲ್ಲಿರುವ ಕಾರ್ಡಿಗೆ ಮುದ್ರೆ ಬೀಳಬೇಕು. ಮುದ್ರೆ ಒತ್ತುವವರಿಲ್ಲದ ಕಡೆ ಅಂಗಡಿಯ ರಸೀದಿಯೋ ಎ.ಟಿ.ಎಂ. ಚೀಟಿಯೋ ಸಾಕ್ಷಿಯಾಗುತ್ತದೆ. ತಾಣಗಳ ನಡುವೆ ಹಿಂಬಾಲಿಸುವ ವಾಹನದಿಂದ ನೆರವು ಪಡೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸ್ಪರ್ಧೆಯಲ್ಲ. ಮೊದಲು ಬಂದವನಿಗೂ ಕೊನೆಯ ನಿಮಿಷದಲ್ಲಿ ಬಂದವನಿಗೂ ದೊರೆಯುವ ಮನ್ನಣೆ ಒಂದೇ. 1891ರಲ್ಲಿ ಪಂದ್ಯವಾಗಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಟವು ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 90 ಗಂಟೆಗಳಲ್ಲಿ 1200 ಕಿ.ಮೀ. ಕ್ರಮಿಸಬೇಕಾದ ಬ್ರೆವೆಯಾಗಿ ಮಾರ್ಪಟ್ಟಿದೆ. ನಮ್ಮ ಸವಾರರು ಅದನ್ನು ಕಾಶಿಯಾತ್ರೆಯಂತೆ ಕಾಣುತ್ತಾರೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಆದರೆ ಪುಣೆಯ ನೆಲದಲ್ಲಿ ಹಾದಿಯ ನೇಮವೆಂಬುದು ಫ್ರಾನ್ಸಿನಿಂದ ಬರಬೇಕಾಗಿರಲಿಲ್ಲ. ಚಾಕಣದಿಂದ ಹನ್ನೆರಡು ಕಿ.ಮೀ. ಆಸುಪಾಸಿನಲ್ಲಿ ಜ್ಞಾನೇಶ್ವರನ ಸಮಾಧಿಸ್ಥಳವಾದ ಆಳಂದಿಯಿದೆ. ಅಲ್ಲಿಂದ ಪಂಢರಪುರಕ್ಕೆ ಪ್ರತಿವರ್ಷ ಹೊರಡುವ ವಾರಿಗೆ ಇಂದಿನ ಶಿಸ್ತನ್ನು ತಂದವನು 19ನೆಯ ಶತಮಾನದ ಪೂರ್ವಾರ್ಧದ ಹೈಬತಬಾಬಾ ಆರಫಳಕರ. ಈತ ಸಿಂಧಿಯ ಅರಸರ ಸೇವೆಯಲ್ಲಿದ್ದವನು. ಪಲ್ಲಕ್ಕಿಯ ಮುಂದೆ ಇಂತಿಷ್ಟು ದಿಂಡಿಗಳು, ಹಿಂದೆ ಇಂತಿಷ್ಟು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಇಂಥ ದಿನ ಇಂಥ ಊರಿನಲ್ಲಿ ತಂಗುವಿಕೆ ಎಂಬ ಏರ್ಪಾಡಿನಲ್ಲಿ ದಂಡಿನ ಪದ್ಧತಿಯ ನೆರಳು ಸ್ಪಷ್ಟವಾಗಿದೆ. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಪಲ್ಲಕ್ಕಿಯ ಜೊತೆ ನಡೆಯುವ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ. ಅವು ಅಲ್ಲಿಂದ ಆಳಂದಿಯವರೆಗೆ ನಡೆದೇ ಬರುತ್ತವೆ. ಪಂಢರಪುರದ ವಿಠ್ಠಲನಿಗೂ ಕನ್ನಡಕ್ಕೂ ಇರುವ ನಂಟನ್ನು ಹೊಯ್ಸಳ ಸೋಮೇಶ್ವರನ ಕಾಲದ 1237ರ ಶಾಸನ, ಹರಿದಾಸರ ಅಂಕಿತಗಳು, ಜ್ಞಾನೇಶ್ವರನೇ ವಿಠ್ಠಲನನ್ನು ಕನ್ನಡಿಗನೆಂದು ಕರೆದದ್ದು ಇವುಗಳ ಮೂಲಕ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಅಂಕಲಿಯ ಕುದುರೆಗಳಿಗೆ ಆ ಚರ್ಚೆಯಲ್ಲಿ ಸಿಕ್ಕಿರುವ ಸ್ಥಾನ ಅಲ್ಪವೇ.

ಈ ಎರಡು ಪರಂಪರೆಗಳು ಈಗ ಒಂದರೊಳಗೊಂದು ಬೆರೆಯುತ್ತಿವೆ. ಪುಣೆ ಮತ್ತು ಪಿಂಪರಿ-ಚಿಂಚವಡದ ಸವಾರರು ಆಷಾಢದ ಏಕಾದಶಿಗೆ ಮುನ್ನ 'ಸೈಕಲ್ ವಾರಿ' ಎಂಬ ಹೆಸರಿನಲ್ಲಿ ಪಂಢರಪುರಕ್ಕೆ ಹೋಗುತ್ತಾರೆ. ಕಾಲ್ನಡಿಗೆಯ ವಾರಿಗೆ ಹೆಚ್ಚುಕಡಿಮೆ ಮೂರು ವಾರ ಹಿಡಿಯುವ ದೂರವು ಸೈಕಲ್ಲಿಗೆ ಒಂದು ದಿನದ ದಾರಿ. ಇದಕ್ಕೆ ವಾರಿ ಎಂಬ ಹೆಸರು ಸಲ್ಲುತ್ತದೆಯೆ? ಆಳಂದಿಯಲ್ಲಿ ಈ ಪ್ರಶ್ನೆಯನ್ನು ವೃದ್ಧ ವಾರಕರಿಯೊಬ್ಬರ ಮುಂದಿಟ್ಟಾಗ ಅವರು, ಬೇಗ ಮುಟ್ಟುವವನಿಗೆ ಹಾದಿಯ ಊರುಗಳ ಅನ್ನದ ರುಚಿ ತಿಳಿಯದು ಎಂದಷ್ಟೇ ಹೇಳಿ ಸುಮ್ಮನಾದರು. ಈ ಆಕ್ಷೇಪ ತೂಕವುಳ್ಳದ್ದು. ವಾರಿಯಲ್ಲಿ ಹಾಡಿದೆ, ಸಹಪಂಕ್ತಿಯಿದೆ, ಊರೂರಿನ ಆತಿಥ್ಯವಿದೆ. ಬ್ರೆವೆಯ ಸವಾರನಾದರೋ ರಾತ್ರಿಯ ಹೆದ್ದಾರಿಯಲ್ಲಿ ದೀಪವೊಂದನ್ನು ನಂಬಿ ಬಹುಮಟ್ಟಿಗೆ ಮೌನವಾಗಿ ಸಾಗುವವನು. ಆದಾಗ್ಯೂ ಹರಿಹರನ ಕುಂಬಾರ ಗುಂಡಯ್ಯನನ್ನು ಇಲ್ಲಿ ನೆನೆಯಬಹುದು. ಗುಂಡಯ್ಯನು ಮಡಕೆ ತಟ್ಟುವ ನಾದಕ್ಕೆ ಶಿವನೇ ಕುಣಿದನೆನ್ನುವಾಗ, ಕೈಯೊಳಗಿನ ಉಪಕರಣವೇ ಭಕ್ತಿಯ ಸಾಧನವಾಗಬಲ್ಲುದೆಂಬ ನಿಲುವು ಅಲ್ಲಿದೆ. ಸರಪಳಿಗೆ ಎಣ್ಣೆ ಬಿಟ್ಟು, ಗಾಳಿಯ ಒತ್ತಡವನ್ನು ಬೆರಳಿನಿಂದ ಒತ್ತಿ ನೋಡಿ, ಕತ್ತಲಲ್ಲಿ ಹೊರಡುವವನ ಶ್ರದ್ಧೆಯನ್ನು ಅದಕ್ಕಿಂತ ತೀರ ಬೇರೆಯೆನ್ನಲು ನಮಗೆ ಮನಸ್ಸು ಬಾರದು.

ಪಂದ್ಯದ ಪರಂಪರೆಯೂ ಇಲ್ಲದೆ ಇಲ್ಲ. ಮುಂಬಯಿ-ಪುಣೆ ಓಟದಲ್ಲಿ ಬೋರ್ ಘಾಟನ್ನು ಮೊದಲು ಏರಿದವನಿಗೆ 'ಘಟ್ಟದ ರಾಜ' ಎಂಬ ಬಿರುದು ಸಲ್ಲುತ್ತದೆ. ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಒಕ್ಕಲುಮನೆಗಳಿಂದ ಬಂದ ಹುಡುಗ ಹುಡುಗಿಯರೇ ಈ ಕ್ರೀಡೆಯನ್ನು ಎತ್ತಿ ಹಿಡಿದಿದ್ದಾರೆ. ಅವರ ಪಾಲಿಗೆ ಸೈಕಲ್ಲು ನೌಕರಿಯ ದಾರಿಯೂ ಹೌದು. ಇದು ಪ್ರತ್ಯೇಕ ಅಧ್ಯಯನದ ವಿಷಯ.

ಚಾಕಣಕ್ಕೆ ಮರಳೋಣ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಪುಣೆ ಹೆಸರಾಗಿತ್ತು; ಸ್ಕೂಟರು ಬಂದ ಮೇಲೆ ಆ ಹೆಸರು ಅಳಿಯಿತು. 1999ರಲ್ಲಿ ಚಾಕಣದಲ್ಲಿ ಬಜಾಜ್ ಕಾರ್ಖಾನೆ ಆರಂಭವಾಯಿತು, 2009ರಲ್ಲಿ ಫೋಕ್ಸ್‌ವ್ಯಾಗನ್ ಬಂದಿತು. ಮೋಟಾರು ವಾಹನಗಳು ಹುಟ್ಟುವ ಊರಿನ ನಡುವೆಯೇ ಸವಾರರು ಹಾದುಹೋಗಬೇಕಾಗಿದೆ. ನಾಸಿಕದತ್ತ ಹೊರಟವರಿಗೆ ಈ ಊರನ್ನು ದಾಟದೆ ಗತಿಯಿಲ್ಲ. ಲಾರಿಗಳ ಸಾಲು ಬೆಳೆದಂತೆಲ್ಲ ಅವರು ಹೊರಡುವ ಹೊತ್ತು ಹಿಂದೆ ಸರಿಯುತ್ತಿದೆ. ಐದಕ್ಕೆ ಹೊರಡುತ್ತಿದ್ದವರು ಈಗ ನಾಲ್ಕಕ್ಕೆ ಹೊರಡುತ್ತಾರೆ. ಅದೇ ಹೊತ್ತಿನಲ್ಲಿ, ಅದೇ ರಸ್ತೆಯ ಅಂಚಿನಲ್ಲಿ, ಹಳೆಯ ಕಪ್ಪು ಸೈಕಲ್ಲಿನ ಮೇಲೆ ಊಟದ ಡಬ್ಬಿ ತೂಗಿಸಿಕೊಂಡು ಪಾಳಿಗೆ ಹೋಗುವ ಕಾರ್ಮಿಕರೂ ಇದ್ದಾರೆ. ತಲೆಗೆ ಹೆಲ್ಮೆಟ್ಟಿಲ್ಲ, ಹಿಂದೆ ದೀಪವಿಲ್ಲ. ಸೈಕಲ್ ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ ಇವರ ಸುಳಿವು ಅಪರೂಪ. ಲಾರಿಯ ಭಯ ಮಾತ್ರ ಇಬ್ಬರಿಗೂ ಸಮಾನ.

ಕಳೆದ ಚಳಿಗಾಲದಲ್ಲಿ ಚಾಕಣದ ಚಹದಂಗಡಿಯೊಂದರಲ್ಲಿ ನಿಂತಿದ್ದಾಗ, ಹಲವು ವರ್ಷಗಳಿಂದ ಬ್ರೆವೆ ಮಾಡುತ್ತಿರುವ ಸವಾರರೊಬ್ಬರು ತಮ್ಮ ಬಳಿಯಿದ್ದ ಚೀಟಿಗಳ ಕಟ್ಟನ್ನು ನಮಗೆ ತೋರಿಸಿದರು. ರಬ್ಬರ್ ಬ್ಯಾಂಡು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ದಾಖಲೆಯೆಂದು ಜೋಪಾನ ಮಾಡಿದ ಎ.ಟಿ.ಎಂ. ಚೀಟಿಗಳು ಅವು. ಶಾಖಕ್ಕೆ ಮೂಡುವ ಅಕ್ಷರಗಳಾದ್ದರಿಂದ ಅರ್ಧಕ್ಕಿಂತ ಹೆಚ್ಚು ಚೀಟಿಗಳು ಬೆಳ್ಳಗಾಗಿ ಹೋಗಿದ್ದವು. ಯಾವುದು ಯಾವ ಊರಿನದೆಂದು ಅವರು ಕಾಗದದ ಮಡಿಕೆ ನೋಡಿಯೇ ಹೇಳುತ್ತಿದ್ದರು, ನಾವು ಬರೆದುಕೊಂಡೆವು.